ಸೀಟಿನ ಮೋಟಾರು ಬ್ಯಾಟರಿ ತಿಂದುಹಾಕುತ್ತಾ? ಕೆಟರಿಂಗ್ ಕಥೆ ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಕಾರಿಗೆ ಬಟನ್ ಒತ್ತಿದರೆ ಸರಿಯುವ ಸೀಟು ಹಾಕಿಸುತ್ತೇನೆ ಅಂದರೆ, ಬ್ಯಾಟರಿ ಕೂತುಹೋಗುತ್ತದೆ ಎಂದು ಹೆದರಿಸುವವರು ಸಿಗುತ್ತಾರೆ. ಇಂಥದ್ದೇ ಮಾತನ್ನು ನೂರು ವರ್ಷಕ್ಕೂ ಹಿಂದೆ ಕೇಳಿಸಿಕೊಂಡವರು ಚಾರ್ಲ್ಸ್ ಕೆಟರಿಂಗ್.

1876ರಲ್ಲಿ ಅಮೆರಿಕದ ಓಹಾಯೋದಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ಕಣ್ಣಿನ ತೊಂದರೆಯಿಂದ ಓದು ನಡುವೆ ನಿಂತಿತು. ಟೆಲಿಫೋನ್ ಲೈನಿನ ಕೆಲಸ ಮಾಡಿ, ಎಂಜಿನಿಯರಿಂಗ್ ಮುಗಿಸಿದ್ದು 1904ರಲ್ಲಿ. ಆಮೇಲೆ ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಮೋಟಾರು ಜೋಡಿಸಿದರು. ಅದು ದಿನವಿಡೀ ತಿರುಗಬೇಕಿರಲಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕಿತ್ತು. ಹಾಗಾಗಿ ಚಿಕ್ಕ ಮೋಟಾರೇ ಸಾಕಾಯಿತು.

ಆಗ ಕಾರು ಸ್ಟಾರ್ಟ್ ಮಾಡಲು ಎದುರು ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈಯೇ ಮುರಿಯುತ್ತಿತ್ತು. ಮೋಟಾರಿನಿಂದ ಸ್ಟಾರ್ಟ್ ಮಾಡಲು ಎಂಜಿನ್ನಿನಷ್ಟೇ ದೊಡ್ಡ ಮೋಟಾರು ಬೇಕು ಎನ್ನುತ್ತಿದ್ದರು ಬಲ್ಲವರು. ಕೆಟರಿಂಗ್ ಕ್ಯಾಶ್ ರಿಜಿಸ್ಟರಿನ ಉಪಾಯವನ್ನೇ ಕಾರಿಗೆ ತಂದರು. 1912ರ ಕ್ಯಾಡಿಲಾಕ್ ಕಾರು ಸೆಲ್ಫ್ ಸ್ಟಾರ್ಟರ್ ಸಮೇತ ಬಂತು. ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ಸೆಲ್ಫ್ ಅನ್ನುವುದು ಅದಕ್ಕೇ.

ಸೀಟಿನ ಮೋಟಾರೂ ಅದೇ ಜಾತಿಯದು. ಸೆಲ್ಫ್ ಹೊಡೆಯುವಾಗ ನೂರು ಆಂಪಿಯರ್ ದಾಟುತ್ತದೆ. ಸೀಟಿಗೆ ಅದರಲ್ಲೊಂದು ಸಣ್ಣ ಪಾಲು, ಅದೂ ಕೆಲವೇ ಸೆಕೆಂಡು. ಹೆದರಬೇಕಾದದ್ದು ಬೇರೆ ಎರಡಕ್ಕೆ. ಫ್ಯೂಸ್ ಇಲ್ಲದೆ ಎಳೆದ ವೈರು ಬೆಂಕಿ ಹಚ್ಚಬಹುದು. ಬೇರೆ ಕಾರಿನ ಸೀಟನ್ನು ಹೇಗೋ ಕೂರಿಸಿದ ಬೋಲ್ಟು, ಡಿಕ್ಕಿಯಾದಾಗ ಸೀಟಿನ ಸಮೇತ ಕಿತ್ತುಬರಬಹುದು.

ಹಾಗಂತ ಕೆಟರಿಂಗರನ್ನು ದೇವರು ಮಾಡುವುದೂ ಬೇಡ. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದ ಜನರಲ್ ಮೋಟಾರ್ಸ್ ಪ್ರಯೋಗಾಲಯದ ಮುಖ್ಯಸ್ಥರೂ ಅವರೇ. ಅವರು ತೀರಿಕೊಂಡಿದ್ದು 1958ರಲ್ಲಿ. ನಮ್ಮ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ.