ಅನುಪಮಾ ನಿರಂಜನ

ಡಾ. ಅನುಪಮಾ ನಿರಂಜನ (1934–1991) ಕನ್ನಡದ ಪ್ರಮುಖ ಕಾದಂಬರಿಕಾರ್ತಿ, ವೈದ್ಯೆ ಮತ್ತು ವೈದ್ಯಕೀಯ ಸಾಹಿತ್ಯದ ಲೇಖಕಿ. ಸ್ತ್ರೀಯರ ಆರೋಗ್ಯ, ದಾಂಪತ್ಯ ಹಾಗೂ ಲೈಂಗಿಕತೆಯ ವಿಷಯಗಳನ್ನು ಸರಳ ಕನ್ನಡದಲ್ಲಿ ಸಾಮಾನ್ಯ ಓದುಗರಿಗೆ ತಲುಪಿಸಿದವರಲ್ಲಿ ಇವರು ಗಣ್ಯರು.

ಜೀವನ

ಅನುಪಮಾ ಅವರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಜನಿಸಿದರು. ಇವರ ಮೊದಲಿನ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದು ಧಾರವಾಡ ಮತ್ತು ಬೆಂಗಳೂರುಗಳಲ್ಲಿ ವೈದ್ಯವೃತ್ತಿ ನಡೆಸಿದರು. ಪ್ರಗತಿಶೀಲ ಚಳವಳಿಯ ಲೇಖಕ ನಿರಂಜನ (ಕುಳಕುಂದ ಶಿವರಾಯ) ಇವರ ಪತಿ.

ವೈದ್ಯಕೀಯ ಸಾಹಿತ್ಯ

‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ತಾಯಿ–ಮಗು’, ‘ಕೇಳು ಕಿಶೋರಿ’ ಮತ್ತು ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಇವರ ಜನಪ್ರಿಯ ಕೃತಿಗಳು. ಹರೆಯದ ಹುಡುಗಿ, ಮದುವಣಗಿತ್ತಿ, ತಾಯಿ ಹೀಗೆ ಹೆಣ್ಣಿನ ಬಾಳಿನ ಒಂದೊಂದು ಘಟ್ಟಕ್ಕೂ ಇಲ್ಲಿ ಪುಸ್ತಕವಿದೆ.

ಈ ಬರಹದ ಮಹತ್ವವನ್ನು ಅರಿಯಲು ಅದರ ಕಾಲವನ್ನು ನೆನೆಯಬೇಕು. ಸಮಾಗಮದ ವೇಳೆ ನೋವು, ಯೋನಿಯ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುವುದು, ನಿರಾಸಕ್ತಿ ಮುಂತಾದ ತೊಂದರೆಗಳನ್ನು ಹೆಂಗಸರು ವೈದ್ಯರ ಎದುರಿಗೂ ಹೇಳಲಾರದೆ ನುಂಗಿಕೊಳ್ಳುತ್ತಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಜೋಸೆಫ್ ವೋಲ್ಪಿ 1958ರಲ್ಲಿ ಭಯವನ್ನು ಹಂತಹಂತವಾಗಿ ಕಳೆಯುವ ವರ್ತನಾ ಚಿಕಿತ್ಸೆಯನ್ನು ವಿವರಿಸಿದ್ದರು. 1970ರಲ್ಲಿ ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಲೈಂಗಿಕ ಸಮಸ್ಯೆಗಳಿಗೆ ದಂಪತಿಗಳಿಬ್ಬರನ್ನೂ ಕೂಡಿಸಿ ನೀಡುವ ಚಿಕಿತ್ಸೆಯನ್ನು ಪ್ರಕಟಿಸಿದರು. ಸಮಾಗಮದ ಒತ್ತಾಯವನ್ನು ಬದಿಗಿಟ್ಟು, ಸ್ಪರ್ಶದಿಂದ ಆರಂಭಿಸಿ ನಿಧಾನವಾಗಿ ಮುಂದುವರಿಯುವುದು ಇದರ ಕ್ರಮ. ದೋಷವನ್ನು ಹೆಣ್ಣೊಬ್ಬಳ ಮೇಲೆ ಹೊರಿಸದಿರುವುದು ಇದರ ತಿರುಳು.

ಇಂಥ ಚಿಕಿತ್ಸೆಗೆ ತರಬೇತಿ ಪಡೆದ ತಜ್ಞರು ಬೇಕು. ಪುಸ್ತಕವು ಅದಕ್ಕೆ ಬದಲಿಯಲ್ಲ. ಆದರೆ ದೇಹದ ತಿಳಿವಳಿಕೆ ಮತ್ತು ಅಂಜಿಕೆಯ ನಿವಾರಣೆ ಆ ಚಿಕಿತ್ಸೆಯ ಮೊದಲ ಮೆಟ್ಟಿಲು. ಕನ್ನಡ ಮಾತ್ರ ಬಲ್ಲ ಗೃಹಿಣಿಗೆ ಆ ತಿಳಿವಳಿಕೆಯನ್ನು ಮನೆಯಲ್ಲಿಯೇ ಓದಿಕೊಳ್ಳುವಂತೆ ಒದಗಿಸಿದ್ದು ಅನುಪಮಾ ಅವರ ಕೊಡುಗೆ.

ಸೃಜನಶೀಲ ಸಾಹಿತ್ಯ

ಇವರ ‘ಮಾಧವಿ’ ಕಾದಂಬರಿಯು ಮಹಾಭಾರತದ ಕಥೆಯನ್ನು ಆಧರಿಸಿದೆ. ಗುರುದಕ್ಷಿಣೆಯ ಕುದುರೆಗಳಿಗಾಗಿ ಗಾಲವನು ಯಯಾತಿಯ ಮಗಳನ್ನು ಒಬ್ಬ ರಾಜನಿಂದ ಇನ್ನೊಬ್ಬನಿಗೆ ಒಪ್ಪಿಸುವ ಈ ಪ್ರಸಂಗದಲ್ಲಿ, ಹೆಣ್ಣಿನ ದೇಹದ ಮೇಲೆ ಅಧಿಕಾರ ಯಾರದೆಂಬ ಪ್ರಶ್ನೆಯಿದೆ. ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ಚಲನಚಿತ್ರವಾಗಿಸಿದರು. ಮಕ್ಕಳಿಗಾಗಿ ಬರೆದ ‘ದಿನಕ್ಕೊಂದು ಕಥೆ’ ಹನ್ನೆರಡು ಸಂಪುಟಗಳಲ್ಲಿದೆ.

ನಿಧನ

ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅನುಪಮಾ ನಿರಂಜನ 1991ರಲ್ಲಿ ನಿಧನರಾದರು. ಕರ್ನಾಟಕ ಲೇಖಕಿಯರ ಸಂಘವು ಇವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ.