ಮುಖದ ಆರೈಕೆಗೂ ಕಿತಾಬು ಬರೆದ ಹಕೀಮರು: ಅಬುಲ್ ಕಾಸಿಂ ಅಝ್ಝಹ್ರಾವಿ

ಶಸ್ತ್ರಚಿಕಿತ್ಸೆಯ ಇತಿಹಾಸ ಓದಿದವರಿಗೆ ಮೊದಲು ಸಿಗುವ ಹೆಸರುಗಳಲ್ಲಿ ಒಂದು ಅಬುಲ್ ಕಾಸಿಂ ಖಲಫ್ ಇಬ್ನ್ ಅಬ್ಬಾಸ್ ಅಝ್ಝಹ್ರಾವಿ. ಯುರೋಪಿನವರು ಇವರನ್ನು ಅಲ್ಬುಕಾಸಿಸ್ ಅಂತ ಕರೆದರು. ಕತ್ತರಿ, ಚಾಕು, ಇಕ್ಕಳ, ಕೊಕ್ಕೆ ಹೀಗೆ ಸುಮಾರು 200 ಸಲಕರಣೆಗಳ ಚಿತ್ರ ಬಿಡಿಸಿ, ಯಾವುದನ್ನು ಯಾವಾಗ ಹಿಡಿಯಬೇಕು ಎಂದು ಶಿಷ್ಯರಿಗೆ ವಿವರಿಸಿದವರು ಇವರು. ಆದರೆ ಇದೇ ಹಕೀಮರು ಚಾಕು ಮುಟ್ಟದೆ ಮಾಡುವ ಆರೈಕೆಗೂ ತಮ್ಮ ಗ್ರಂಥದಲ್ಲಿ ಒಂದು ಪೂರ್ತಿ ಭಾಗವನ್ನು ಮೀಸಲಿಟ್ಟಿದ್ದರು. ಮುಖ, ಕೂದಲು, ಹಲ್ಲು, ಚರ್ಮ, ಬಾಯಿಯ ವಾಸನೆ, ಸುಗಂಧ ಎಲ್ಲವೂ ಅದರಲ್ಲಿ ಉಂಟು. ಈ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಈಗ ನಮ್ಮ ಮನೆಗಳಲ್ಲಿ ಹುಡುಗಿಯರು ಮಾತ್ರ ಅಲ್ಲ, ಹುಡುಗರೂ ಮುಖಕ್ಕೆ ಏನೇನೋ ಹಚ್ಚಿಕೊಳ್ಳುವ ಕಾಲ. ಸೆಲೂನಿನಲ್ಲಿ ಗಡ್ಡ ಟ್ರಿಮ್ ಮಾಡಿಸಲು ಹೋದವನು ಫೇಶಿಯಲ್ ಕೂಡ ಮಾಡಿಸಿಕೊಂಡು ಬರುತ್ತಾನೆ. ಮದುವೆಗೆ ಒಂದು ತಿಂಗಳು ಉಂಟು ಅನ್ನುವಾಗ ಮನೆಯಲ್ಲಿ ಕ್ರೀಮಿನ ಡಬ್ಬಗಳು ಸಾಲಾಗಿ ಬಂದು ಕೂರುತ್ತವೆ. ಇದನ್ನು ಕಂಡು ಕೆಲವು ಹಿರಿಯರು ಸಿಟ್ಟು ಮಾಡುತ್ತಾರೆ, ಕೆಲವರು ನಕ್ಕು ಸುಮ್ಮನಾಗುತ್ತಾರೆ. ಸಾವಿರ ವರ್ಷದ ಹಿಂದೆ ಬಾಳಿದ ಈ ವೈದ್ಯರ ಬದುಕನ್ನು ನೋಡಿದರೆ ಸಿಟ್ಟಿಗಿಂತಲೂ ನಗುವಿಗಿಂತಲೂ ಉಪಯೋಗವಾಗುವ ದಾರಿಯೊಂದು ನಮಗೆ ಕಾಣುತ್ತದೆ.

ಝಹ್ರಾ ಪಟ್ಟಣದ ಮಗ

ಅಝ್ಝಹ್ರಾವಿಯವರು ಹುಟ್ಟಿದ್ದು ಸುಮಾರು 936ರಲ್ಲಿ. ಊರು ಮದೀನತುಝ್ಝಹ್ರಾ. ಇಂದಿನ ಸ್ಪೇನ್ ದೇಶದ ಕೊರ್ಡೊಬಾ, ಅಂದರೆ ನಮ್ಮ ಕಿತಾಬುಗಳು ಕುರ್ತುಬಾ ಎಂದು ಕರೆಯುವ ನಗರದ ಪಶ್ಚಿಮಕ್ಕೆ ಸುಮಾರು 8 ಕಿಲೋಮೀಟರ್ ದೂರದಲ್ಲಿ ಅದು ಇತ್ತು. ಅಂದಲುಸಿನ ಖಲೀಫಾ ಮೂರನೇ ಅಬ್ದುರ್‍ರಹ್ಮಾನರು ಆ ಪಟ್ಟಣವನ್ನು ಕಟ್ಟಿಸಲು ಶುರು ಮಾಡಿದ್ದೂ ಅದೇ ಹೊತ್ತಿಗೆ. ಪಟ್ಟಣ ಏಳುತ್ತಾ ಹೋದ ಹಾಗೆ ಈ ಹುಡುಗನೂ ಬೆಳೆದ. ಅವರ ಹೆಸರಿನ ಕೊನೆಗೆ ಸೇರಿಕೊಂಡದ್ದೂ ಆ ಊರೇ. ವಂಶದಿಂದ ಅವರು ಅನ್ಸಾರಿ. ಅಂದರೆ ಪ್ರವಾದಿ (ಸ.ಅ.) ಅವರಿಗೆ ಮದೀನಾದಲ್ಲಿ ಆಸರೆ ಕೊಟ್ಟ ಅನ್ಸಾರ್‌ಗಳ ಕಡೆಯವರು.

ಅವರು ಓದಿದ, ಕೆಲಸ ಮಾಡಿದ ಕಾಲ ಕುರ್ತುಬಾದ ಒಳ್ಳೆಯ ಕಾಲ. ಮೂರನೇ ಅಬ್ದುರ್‍ರಹ್ಮಾನರ ನಂತರ 961ರಲ್ಲಿ ಅವರ ಮಗ ಎರಡನೇ ಹಕಮ್ ಖಲೀಫಾ ಆದರು. ಈ ಹಕಮರಿಗೆ ಕಿತಾಬಿನ ಹುಚ್ಚು. ಅವರ ಗ್ರಂಥಾಲಯದಲ್ಲಿ 4 ಲಕ್ಷ ಕಿತಾಬುಗಳಿದ್ದವು ಎಂದು ಹಳೆಯ ಇತಿಹಾಸಕಾರರು ಬರೆದಿಟ್ಟಿದ್ದಾರೆ. ಊರಿನಲ್ಲಿ ಮಸೀದಿಗಳ ಜೊತೆ ಹಮ್ಮಾಮುಗಳೂ ಇದ್ದವು. ಜನ ಅಲ್ಲಿ ಮಿಂದು, ಎಣ್ಣೆ ತಿಕ್ಕಿ, ಕೂದಲು ಸರಿಮಾಡಿಸಿಕೊಳ್ಳುತ್ತಿದ್ದರು.

ಇದಕ್ಕೆ ಒಂದು ಹಿನ್ನೆಲೆಯೂ ಉಂಟು. ಅಝ್ಝಹ್ರಾವಿ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮುಂಚೆ, 822ರಲ್ಲಿ, ಝಿರ್ಯಾಬ್ ಎಂಬ ಸಂಗೀತಗಾರ ಕುರ್ತುಬಾಕ್ಕೆ ಬಂದು ನೆಲೆಸಿದ್ದ. ಬಗ್ದಾದಿನ ಕಡೆಯ ನಡೆನುಡಿ, ಕೂದಲು ಕತ್ತರಿಸುವ ರೀತಿ, ಋತುವಿಗೆ ತಕ್ಕ ಬಟ್ಟೆ, ಹಲ್ಲು ಸ್ವಚ್ಛ ಇಡುವ ಅಭ್ಯಾಸ ಇವನ್ನೆಲ್ಲ ಅವನೇ ಅಲ್ಲಿ ಹಬ್ಬಿಸಿದ ಎಂದು ಚರಿತ್ರೆಕಾರರು ಹೇಳುತ್ತಾರೆ. ಹಾಗಾಗಿ ಅಂದವಾಗಿ ಇರಬೇಕು ಎಂಬ ಆಸೆ ಕುರ್ತುಬಾದವರಿಗೆ ಹೊಸತಲ್ಲ. ಆ ಆಸೆ ವೈದ್ಯಶಾಸ್ತ್ರದ ಕೈಗೆ ಬಂದದ್ದು ಅಝ್ಝಹ್ರಾವಿಯವರಂಥವರಿಂದ.

30 ಭಾಗಗಳ ಗ್ರಂಥ

ಅಝ್ಝಹ್ರಾವಿಯವರು ಬರೆದ ದೊಡ್ಡ ಗ್ರಂಥದ ಹೆಸರು ಅತ್ತಸ್ರೀಫ್. ಅದು ಮುಗಿದದ್ದು ಸುಮಾರು ಸಾವಿರದ ಇಸವಿಯಲ್ಲಿ. ಹೆಚ್ಚುಕಡಿಮೆ 50 ವರ್ಷ ರೋಗಿಗಳನ್ನು ನೋಡಿದ ಅನುಭವ ಅದರಲ್ಲಿ ಸೇರಿದೆ. ಒಟ್ಟು 30 ಭಾಗ. ರೋಗಗಳು, ಅವುಗಳ ಲಕ್ಷಣ, ಮಿಶ್ರ ಮದ್ದುಗಳು, ರೋಗಿಗೆ ಕೊಡುವ ಊಟ, ಮದ್ದು ತಯಾರಿಸುವ ಕ್ರಮ, ಮದ್ದುಗಳ ಹೆಸರು, ತೂಕ ಎಲ್ಲ ಆದ ಮೇಲೆ ಕೊನೆಯ 30ನೇ ಭಾಗದಲ್ಲಿ ಶಸ್ತ್ರಚಿಕಿತ್ಸೆ ಬರುತ್ತದೆ. ಶಿಷ್ಯರನ್ನು ಅವರು ಮಕ್ಕಳೇ ಎಂದು ಕರೆದು ಪಾಠ ಹೇಳಿದ್ದಾರೆ. ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ನಮಗೆ ಆ ಧಾಟಿ ತುಂಬಾ ಹತ್ತಿರದ್ದು ಅನ್ನಿಸುತ್ತದೆ.

ಈ ಗ್ರಂಥದ 19ನೇ ಭಾಗ ನಮ್ಮ ಇಂದಿನ ವಿಷಯ. ಅದರಲ್ಲಿ ಇರುವುದು ಸುಗಂಧ ಮತ್ತು ಝೀನತ್, ಅಂದರೆ ಅಲಂಕಾರದ ಮದ್ದುಗಳು. ಕೂದಲಿಗೆ ಬಣ್ಣ ಕೊಡುವುದು, ಬೇಡದ ಕೂದಲು ತೆಗೆಯುವುದು, ಗುಂಗುರು ಕೂದಲನ್ನು ನೇರ ಮಾಡುವುದು, ಕೈಗೆ ಹಚ್ಚುವ ಲೇಪ, ಬಿಸಿಲಿನಿಂದ ಚರ್ಮ ಕಾಯುವುದು, ಹಲ್ಲು ಬಿಳಿ ಮಾಡುವುದು, ಒಸಡು ಗಟ್ಟಿ ಮಾಡುವುದು ಇಷ್ಟೆಲ್ಲ ಅದರಲ್ಲಿ ಬರುತ್ತದೆ. ಬಾಯಿಯ ದುರ್ವಾಸನೆಗೆ ಅವರು ಹೇಳಿದ ಮದ್ದುಗಳಲ್ಲಿ ದಾಲ್ಚಿನ್ನಿ, ಜಾಯಿಕಾಯಿ, ಏಲಕ್ಕಿ, ಕೊತ್ತಂಬರಿ ಸೊಪ್ಪು ಸೇರಿವೆ. ನಮ್ಮ ಉಮ್ಮಂದಿರ ಅಡುಗೆಮನೆಯ ಡಬ್ಬಗಳಲ್ಲಿ ಇಂದಿಗೂ ಇರುವ ಸಾಮಾನುಗಳು ಇವು. ಸುಗಂಧವನ್ನು ಅಚ್ಚಿನಲ್ಲಿ ಒತ್ತಿ ಗಟ್ಟಿ ಕಡ್ಡಿಯ ಹಾಗೆ ಮಾಡುವ ಕ್ರಮವನ್ನೂ ಅವರು ಬರೆದಿದ್ದಾರೆ. ಇದನ್ನೇ ಹಿಡಿದು ಲಿಪ್‌ಸ್ಟಿಕ್ ಕಂಡುಹಿಡಿದವರೇ ಅವರು ಎಂದು ಮೊಬೈಲಿನಲ್ಲಿ ಸುದ್ದಿ ಓಡಾಡುವುದುಂಟು. ಅಷ್ಟು ದೊಡ್ಡ ಮಾತು ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಅವರ ಗೌರವ ಕಮ್ಮಿ ಆಗುವುದಿಲ್ಲ.

ಇಲ್ಲಿ ನಾವು ಗಮನಿಸಬೇಕಾದದ್ದು ಒಂದುಂಟು. ಅಲಂಕಾರದ ವಿಷಯವನ್ನು ಅವರು ಪೇಟೆಯವರಿಗೆ ಬಿಟ್ಟುಕೊಡಲಿಲ್ಲ. ಜ್ವರದ ಮದ್ದು, ಹೊಟ್ಟೆನೋವಿನ ಮದ್ದು ಬರೆದ ಅದೇ ಗ್ರಂಥದಲ್ಲಿ ಅದಕ್ಕೂ ಜಾಗ ಕೊಟ್ಟರು. ಮುಖಕ್ಕೆ ಹಚ್ಚುವುದೂ ಮದ್ದೇ, ಅದನ್ನು ತಯಾರಿಸುವವನಿಗೂ ಇಲ್ಮ್ ಬೇಕು ಎಂಬ ತಿಳಿವಳಿಕೆ ಇದರ ಹಿಂದೆ ಇದೆ.

ದೀನಿನ ಕಡೆಯಿಂದ ನೋಡಿದರೂ ಇದು ಸರಿಯಾಗಿ ಕೂರುತ್ತದೆ. ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆ ಎಂಬ ಹದೀಸ್ ನಮಗೆಲ್ಲ ಗೊತ್ತು. ಮಿಸ್ವಾಕ್ ಮಾಡುವುದು, ಮೀಸೆ ಕತ್ತರಿಸುವುದು, ಉಗುರು ತೆಗೆಯುವುದು, ಕೂದಲಿಗೆ ಎಣ್ಣೆ ಹಚ್ಚಿ ಬಾಚುವುದು, ಸುರ್ಮ, ಅತ್ತರ್ ಇವೆಲ್ಲ ಸುನ್ನತ್ತಿನ ದಾರಿ. ಹುಬ್ಬು ಕಿತ್ತು ತೆಳು ಮಾಡುವುದು, ಹಚ್ಚೆ ಹಾಕಿಸುವುದು, ಅಂದಕ್ಕಾಗಿ ಹಲ್ಲು ಅರೆದು ಸಂದು ಮಾಡುವುದು ಇವಕ್ಕೆ ತಡೆಯೂ ಉಂಟು. ನರೆತ ಕೂದಲಿಗೆ ಮೈಲಾಂಜಿ ಹಚ್ಚಬಹುದು. ಕಪ್ಪು ಡೈ ಹಾಕುವ ಮುಂಚೆ ನಿಮ್ಮ ಜಮಾಅತಿನ ಉಸ್ತಾದರ ಹತ್ತಿರ ಒಂದು ಮಾತು ಕೇಳಿ.

ಹಲ್ಲಿನ ಪಾಚಿಯಿಂದ ಬಂಗಾರದ ತಂತಿಯವರೆಗೆ

ಮುಖದ ಅಂದದಲ್ಲಿ ಹಲ್ಲಿನ ಪಾಲು ದೊಡ್ಡದು. ಅಝ್ಝಹ್ರಾವಿಯವರ ಕೈಚಳಕ ನಮಗೆ ಚೆನ್ನಾಗಿ ಕಾಣುವುದೂ ಇಲ್ಲೇ. ಹಲ್ಲಿನ ಒಳಗೆ, ಹೊರಗೆ, ಒಸಡಿನ ಸಂದಿನಲ್ಲಿ ಒರಟು ಪಾಚಿ ಕಟ್ಟಿ ಹಲ್ಲು ಕಪ್ಪು, ಹಳದಿ, ಹಸಿರು ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಒಸಡು ಕೆಡುತ್ತದೆ ಎಂದು ಅವರು ವಿವರಿಸಿದ್ದಾರೆ. ರೋಗಿಯನ್ನು ಎದುರು ಕೂರಿಸಿ, ತಲೆಯನ್ನು ತೊಡೆಯ ಮೇಲೆ ಇರಿಸಿಕೊಂಡು, ಏನೂ ಉಳಿಯದ ಹಾಗೆ ಪಾಚಿಯನ್ನು ಕೆರೆದು ತೆಗೆಯಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಮರುದಿನ, ಅದರ ಮರುದಿನವೂ ಮಾಡಬೇಕು. ಒಳಗಿನ ಹಲ್ಲಿಗೆ ಒಂದು, ಹೊರಗಿನದಕ್ಕೆ ಒಂದು, ಸಂದಿಗೆ ಇನ್ನೊಂದು ಅಂತ ಬೇರೆ ಬೇರೆ ಆಕಾರದ ಕೆರೆಯುವ ಕಡ್ಡಿಗಳನ್ನು ಚಿತ್ರ ಸಹಿತ ಕೊಟ್ಟಿದ್ದಾರೆ. ಇವತ್ತು ದಂತವೈದ್ಯರು ಮಾಡುವ ಕ್ಲೀನಿಂಗ್ ಕೆಲಸದ ಹಳೆಯ ರೂಪ ಇದು.

ಅಲುಗಾಡುವ ಹಲ್ಲನ್ನು ತಂತಿಯಿಂದ ಪಕ್ಕದ ಗಟ್ಟಿ ಹಲ್ಲಿಗೆ ಕಟ್ಟಲು ಅವರು ಬಂಗಾರವನ್ನೇ ಆರಿಸಿದರು. ಕಾರಣವನ್ನೂ ಹೇಳಿದರು. ಬೆಳ್ಳಿಯ ತಂತಿ ಕೆಲವು ದಿನಕ್ಕೆ ಹಸಿರು ಹಿಡಿಯುತ್ತದೆ, ಬಂಗಾರ ಹಾಗೆ ಕೆಡುವುದಿಲ್ಲ. ಬಿದ್ದ ಹಲ್ಲಿನ ಜಾಗಕ್ಕೆ ದನದ ಎಲುಬಿನಿಂದ ಹಲ್ಲಿನ ಆಕಾರ ಕೆತ್ತಿ ಕೂರಿಸುವುದನ್ನೂ ಬರೆದಿದ್ದಾರೆ. ನಕ್ಕರೆ ಬಾಯಿ ಮುಚ್ಚಿಕೊಳ್ಳುವ ಮನುಷ್ಯನ ಸಂಕಟ ಅವರಿಗೆ ಅರ್ಥವಾಗಿತ್ತು.

ತಿಳಿಯದವರ ಕೈಗೆ ಮೈ ಕೊಡಬೇಡಿ

ಅಝ್ಝಹ್ರಾವಿಯವರ ಕಾಲದಲ್ಲೂ ಕಲಿಯದೆ ವೈದ್ಯರಾದವರು ಇದ್ದರು. 30ನೇ ಭಾಗದ ಮುನ್ನುಡಿಯಲ್ಲಿ ಅವರು ಕಣ್ಣಾರೆ ಕಂಡ ಕೆಲವು ಅನಾಹುತಗಳನ್ನು ಬರೆದಿದ್ದಾರೆ. ಹೆಂಗಸೊಬ್ಬಳ ಕುತ್ತಿಗೆಯ ಗಡ್ಡೆಯನ್ನು ಅರೆಬರೆ ತಿಳಿದವನೊಬ್ಬ ಕೊಯ್ದ. ರಕ್ತನಾಳ ತುಂಡಾಗಿ ಅವಳು ಅವನ ಎದುರೇ ತೀರಿಕೊಂಡಳು. ಇಂಥದನ್ನು ನೋಡಿದ್ದರಿಂದಲೇ ದೇಹದ ಒಳಗಿನ ರಚನೆ ಕಲಿಯದೆ ಯಾರೂ ಚಾಕು ಹಿಡಿಯಬಾರದು ಎಂದು ಅವರು ಶಿಷ್ಯರಿಗೆ ಗಟ್ಟಿಯಾಗಿ ಹೇಳಿದರು. ಅಷ್ಟು ದೊಡ್ಡ ಶಸ್ತ್ರವೈದ್ಯರಾದರೂ ಅವಸರದಲ್ಲಿ ಕೊಯ್ಯುವುದು ಅವರಿಗೆ ಸರಿಬರಲಿಲ್ಲ.

ಹೆಂಗಸರ ವಿಷಯದಲ್ಲೂ ಅವರ ಮಾತು ನಮಗೆ ಬೇಕಾದದ್ದು. ಮಾನವಂತ ಹೆಂಗಸರು ಗಂಡಸು ವೈದ್ಯನ ಎದುರು ಮೈ ತೋರಿಸಲು ಹಿಂಜರಿಯುತ್ತಾರೆ, ಕಲಿತ ಹೆಣ್ಣು ವೈದ್ಯರು ಸಿಗುವುದು ಅಪರೂಪ ಎಂದು ಅವರು ಗುರುತಿಸಿದ್ದರು. ಅಂಥ ಕಡೆ ನುರಿತ ಸೂಲಗಿತ್ತಿಯನ್ನು ಜೊತೆಗೆ ಇಟ್ಟು, ಅವಳ ಕೈಯಿಂದ ಕೆಲಸ ಮಾಡಿಸುವ ಕ್ರಮ ಹೇಳಿಕೊಟ್ಟರು. ಹೆಣ್ಣುಮಕ್ಕಳನ್ನು ಓದಿಸಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಎಂತ ಕಾರಣ ಬೇಕು?

ಪಟ್ಟಣ ಹೋಯಿತು, ಕಿತಾಬು ಉಳಿಯಿತು

ಅವರ ಕೊನೆಯ ವರ್ಷಗಳು ನೆಮ್ಮದಿಯದ್ದಾಗಿರಲಿಲ್ಲ. 1009ರಿಂದ ಅಂದಲುಸಿನಲ್ಲಿ ಒಳಜಗಳ, ಫಿತ್ನ ಶುರುವಾಯಿತು. 1010ರ ಹೊತ್ತಿಗೆ ಮದೀನತುಝ್ಝಹ್ರಾ ಲೂಟಿಯಾಗಿ ಹಾಳುಬಿತ್ತು. 1013ರಲ್ಲಿ ಕುರ್ತುಬಾವೂ ದಾಳಿಗೆ ಸಿಕ್ಕಿತು. ಹಿಜ್ರಿ 404ರ ಹೊತ್ತಿಗೆ, ಅಂದರೆ ಸುಮಾರು ಅದೇ 1013ರಲ್ಲಿ ಅಝ್ಝಹ್ರಾವಿಯವರು ವಫಾತ್ ಆದರು. ಹುಟ್ಟಿದ ಊರು ಕಣ್ಣೆದುರೇ ಕಲ್ಲುಗುಪ್ಪೆಯಾದದ್ದನ್ನು ನೋಡಿ ಹೋದ ಮುದುಕರು ಅವರು. ಆ ಊರಿನ ಅವಶೇಷಗಳನ್ನು ಅಗೆದು ತೆಗೆಯುವ ಕೆಲಸ ಶುರುವಾದದ್ದು 1911ರಲ್ಲಿ. 2018ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಿತಾಬು ಮಾತ್ರ ಉಳಿಯಿತು. ಕುರ್ತುಬಾದವರೇ ಆದ ಕಿರಿಯ ವಿದ್ವಾಂಸ ಇಬ್ನ್ ಹಝ್ಮ್ ಅಂದಲುಸಿನ ಹೆಮ್ಮೆಯ ಗ್ರಂಥಗಳನ್ನು ಎಣಿಸುವಾಗ ಅತ್ತಸ್ರೀಫನ್ನೂ ಸೇರಿಸಿದರು. 12ನೇ ಶತಮಾನದಲ್ಲಿ ಟೊಲೆಡೊ ಪಟ್ಟಣದಲ್ಲಿ ಕ್ರೆಮೋನಾದ ಜೆರಾರ್ಡ್ ಎಂಬವರು ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನಿಗೆ ಇಳಿಸಿದರು. ಹೀಬ್ರೂವಿಗೂ ಅನುವಾದವಾಯಿತು. ಮದ್ದು ತಯಾರಿಕೆಯ 28ನೇ ಭಾಗ 1471ರಲ್ಲಿ ವೆನಿಸಿನಲ್ಲಿ ಅಚ್ಚಾಯಿತು. ಯುರೋಪಿನಲ್ಲಿ ಮುದ್ರಣ ಶುರುವಾಗಿ ಆಗ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ.

ನಮ್ಮ ಮನೆಯ ಕನ್ನಡಿಯ ಮುಂದೆ

ಈಗ ನಮ್ಮ ಕಾಲಕ್ಕೆ ಬರೋಣ. 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಒಂದು ಬಗೆಯ ಕಿಡ್ನಿ ಕಾಯಿಲೆಯವರು ಹೆಚ್ಚಾಗಿ ಬಂದದ್ದನ್ನು ವೈದ್ಯರು ಗಮನಿಸಿದರು. ವಿಚಾರಿಸಿದಾಗ ಅವರಲ್ಲಿ ಹೆಚ್ಚಿನವರು ಮುಖ ಬೆಳ್ಳಗಾಗುವ ಕ್ರೀಮ್ ಬಳಸುತ್ತಿದ್ದರು ಎಂದು ಗೊತ್ತಾಯಿತು. ಅಂಥ ಕ್ರೀಮುಗಳಲ್ಲಿ ಪಾದರಸ ಇತ್ತು. ಪಾದರಸ ಚರ್ಮದಲ್ಲಿ ಕಪ್ಪು ಬಣ್ಣ ಹುಟ್ಟುವುದನ್ನು ತಡೆಯುತ್ತದೆ, ಅದಕ್ಕೇ ಮುಖ ಬೇಗ ಬೆಳ್ಳಗಾದ ಹಾಗೆ ಕಾಣುವುದು. ಆದರೆ ಅದು ಚರ್ಮದ ಮೂಲಕ ಒಳಗಿಳಿದು ಕಿಡ್ನಿಯನ್ನು ಹಿಡಿಯುತ್ತದೆ. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವ ಹಾಗಿಲ್ಲ. ಹಾಗಿದ್ದರೂ ತಯಾರಕರ ಹೆಸರಿಲ್ಲದ, ಒಳಗೆ ಎಂತ ಉಂಟು ಅಂತ ಬರೆಯದ ಡಬ್ಬಗಳು ಫ್ಯಾನ್ಸಿ ಅಂಗಡಿಗೂ ಬರುತ್ತವೆ, ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲೂ ಬರುತ್ತವೆ.

ಇನ್ನೊಂದು, ತುರಿಕೆಗೆ ಕೊಡುವ ಸ್ಟಿರಾಯ್ಡ್ ಮುಲಾಮನ್ನು ಮೆಡಿಕಲಿನಿಂದ ತಂದು ದಿನಾ ಮುಖಕ್ಕೆ ಹಚ್ಚುವುದು. ಮೊದಲು ಹೊಳಪು ಬರುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ, ಬೇಡದ ಕೂದಲು ಹುಟ್ಟುತ್ತದೆ. ಬಿಸಿಲಿಗೆ ಮುಖ ಒಡ್ಡುವುದೇ ಕಷ್ಟವಾಗುತ್ತದೆ. ವೈದ್ಯರ ಚೀಟಿ ಇಲ್ಲದೆ ಇವನ್ನು ತರಬೇಡಿ.

ಉಮ್ಮಂದಿರೇ, ಬಾಪಂದಿರೇ, ಮಕ್ಕಳ ಕೈಯಿಂದ ಡಬ್ಬ ಕಸಿದು ಬಿಸಾಡುವ ಮುಂಚೆ ಅದನ್ನು ತಿರುಗಿಸಿ ಓದಿ. ತಯಾರಕರ ಹೆಸರು, ವಿಳಾಸ, ಒಳಗಿನ ವಸ್ತುಗಳ ಪಟ್ಟಿ, ಅವಧಿ ಇಲ್ಲದಿದ್ದರೆ ಅದು ಮನೆಗೆ ಬೇಡ. ಒಂದು ವಾರದಲ್ಲಿ ಬೆಳ್ಳಗೆ ಮಾಡುತ್ತೇವೆ ಎಂದು ಬರೆದಿದ್ದರೆ ಅದೂ ಬೇಡ. ಮಗಳ ಬಣ್ಣ ಕಪ್ಪು ಅಂತ ಸಂಬಂಧ ನೋಡಲು ಬಂದವರ ಎದುರು ತಲೆ ತಗ್ಗಿಸುವ ಅಭ್ಯಾಸವನ್ನು ನಾವು ಹಿರಿಯರು ಮೊದಲು ಬಿಡಬೇಕು. ಆ ಡಬ್ಬ ಮನೆಗೆ ಬರುವುದು ಹೆಚ್ಚಾಗಿ ಆ ಮಾತಿನ ಹಿಂದೆಯೇ. ಬಣ್ಣ ಕೊಟ್ಟವನು ಅಲ್ಲಾಹು. ಅಝ್ಝಹ್ರಾವಿಯವರು ಹೇಳಿಕೊಟ್ಟ ಆರೈಕೆಯಲ್ಲಿ ಹಲ್ಲು ತಿಕ್ಕುವುದು, ಬಾಯಿ ಸ್ವಚ್ಛ ಇಡುವುದು, ಕೂದಲು ನೋಡಿಕೊಳ್ಳುವುದು, ಬಿಸಿಲಿನಿಂದ ಚರ್ಮ ಕಾಯುವುದು ಉಂಟಲ್ಲ, ಅಷ್ಟನ್ನು ಗಂಡು ಮಕ್ಕಳೂ ಹೆಣ್ಣು ಮಕ್ಕಳೂ ದಿನಾ ಮಾಡಲಿ. ಚರ್ಮಕ್ಕೆ ಕಲೆ, ಮೊಡವೆ, ತುರಿಕೆ ಬಂದರೆ ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ.

ಆ ಹಕೀಮರ ಕಬರನ್ನು ಅಲ್ಲಾಹು ಬೆಳಗಿಸಲಿ, ಅವರ ಇಲ್ಮಿನ ಪ್ರಯೋಜನ ನಮ್ಮ ಮಕ್ಕಳಿಗೂ ಸಿಗಲಿ. ಆಮೀನ್.