ಗಿಟಾರನ್ನು ತಲೆಕೆಳಗು ಮಾಡಿದ ಸಿಯಾಟಲ್ ಹುಡುಗ

ಮಕ್ಕಳೇ, ನಿಮ್ಮಲ್ಲಿ ಎಡಗೈಯಲ್ಲಿ ಬರೆಯೋರು ಎಷ್ಟು ಜನ? ನಮ್ಮ ತರಗತಿಯಲ್ಲೇ ಮೂವರಿದ್ದಾರೆ, ಅದರಲ್ಲಿ ಒಬ್ಬಳು ನಮ್ಮನೆಯವಳು. ಊರಿಗೆ ಹೋದಾಗ ಪ್ರಸಾದಕ್ಕೆ ಎಡಗೈ ಚಾಚಿ ಅಜ್ಜಿ ಹತ್ತಿರ ಬೈಸಿಕೊಂಡ ನೆನಪು ನಿಮಗೂ ಇರಬಹುದು. ಕಳೆದ ವರ್ಷ ಮಗಳು ಗಿಟಾರ್ ಕಲೀತೀನಿ ಅಂದಳು. ನನ್ನ ಕಾಲೇಜು ಕಾಲದ ಹಳೇ ಗಿಟಾರ್ ಮನೆಯಲ್ಲಿತ್ತು, ಬಲಗೈಯವರದ್ದು. ಇದರಲ್ಲೇ ಕಲಿ, ಆಮೇಲೆ ರೂಢಿಯಾಗುತ್ತೆ ಅಂದುಬಿಟ್ಟೆ. ಅವಳು ಕಲಿಯಬೇಕು ಅಂತ ಹಟ ಹಿಡಿದಿದ್ದು 'ಲಿಟಲ್ ವಿಂಗ್' ಅನ್ನೋ ಹಳೇ ರಾಕ್ ಹಾಡು. ಆ ಹಾಡು ಕಟ್ಟಿದವನ ಕಥೆ ಓದಿದ ಮೇಲೆ ನನ್ನ ಮಾತನ್ನು ನಾನೇ ವಾಪಸ್ ತಗೊಂಡೆ. ಅವನು ನಮ್ಮ ಸಿಯಾಟಲ್‌ನವನೇ.

ಜಿಮಿ ಹೆಂಡ್ರಿಕ್ಸ್ ಇಲ್ಲಿ ಹುಟ್ಟಿದ್ದು 1942ರ ನವೆಂಬರ್ 27ರಂದು. ಅಮ್ಮ ಲೂಸಿಲ್‌ಗೆ ಆಗ ಇನ್ನೂ 17 ವರ್ಷ. ಅಪ್ಪ ಆಲ್ ಸೈನ್ಯದಲ್ಲಿದ್ದರು. ಮಗನ ಮುಖ ನೋಡಿದ್ದೇ ಅವನಿಗೆ ಸುಮಾರು ಮೂರು ವರ್ಷವಾದಾಗ. ಮನೆಯಲ್ಲಿ ಬಡತನ, ಕುಡಿತ, ಜಗಳ. 1951ರಲ್ಲಿ ಅಪ್ಪ ಅಮ್ಮ ಬೇರೆಯಾದರು. 1958ರಲ್ಲಿ ಅಮ್ಮ ತೀರಿಕೊಂಡಾಗ ಜಿಮಿಗೆ 15. ಅವನನ್ನೂ ತಮ್ಮ ಲಿಯಾನ್‌ನನ್ನೂ ಅಂತ್ಯಕ್ರಿಯೆಗೆ ಕರೆದುಕೊಂಡು ಹೋಗಲಿಲ್ಲ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಈ ಹುಡುಗ ಪೊರಕೆಯನ್ನೇ ಗಿಟಾರ್ ಮಾಡಿಕೊಂಡು ಮೀಟುತ್ತಿದ್ದ. ಒಂದು ವರ್ಷಕ್ಕೂ ಹೆಚ್ಚು ಕಾಲ! ಅದನ್ನು ಗಮನಿಸಿದ ಶಾಲೆಯ ಸಮಾಜ ಕಾರ್ಯಕರ್ತೆ, ಬಡ ಮಕ್ಕಳಿಗೆಂದು ಇರುವ ಹಣದಲ್ಲಿ ಒಂದು ಗಿಟಾರ್ ಕೊಡಿಸಿ ಅಂತ ಪತ್ರ ಬರೆದರು. ಆಗಲಿಲ್ಲ. ಅಪ್ಪನೂ ಕೊಡಿಸಲಿಲ್ಲ. 1957ರಲ್ಲಿ ಅಪ್ಪನ ಜೊತೆ ಯಾರದೋ ಮನೆಯ ಹಳೇ ಸಾಮಾನು ಖಾಲಿ ಮಾಡಲು ಹೋದಾಗ ಕಸದಲ್ಲಿ ಒಂದು ಉಕುಲೇಲೆ ಸಿಕ್ಕಿತು. ಅದಕ್ಕಿದ್ದದ್ದು ಒಂದೇ ತಂತಿ. ಆ ಒಂದು ತಂತಿಯ ಮೇಲೆ, ರೇಡಿಯೋ ಹಾಡುಗಳನ್ನು ಕಿವಿಯಲ್ಲಿ ಕೇಳಿ ಕೇಳಿ, ಒಂದೊಂದೇ ಸ್ವರ ಹುಡುಕಿದ. ಮರುವರ್ಷ 5 ಡಾಲರ್‌ಗೆ ಒಂದು ಹಳೇ ಗಿಟಾರ್ ಸಿಕ್ಕಿತು. 1959ರಲ್ಲಿ ಕೊನೆಗೂ ಅಪ್ಪನೇ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದರು. ಸಂಗೀತದ ಲಿಪಿ ಓದೋದನ್ನು ಅವನು ಕಡೆಯವರೆಗೂ ಕಲಿಯಲಿಲ್ಲ.

ಇಲ್ಲೇ ಎಡಗೈ ಸಮಸ್ಯೆ ಬಂತು ನೋಡಿ. ಜಿಮಿ ಎಡಗೈಯಲ್ಲಿ ಮೀಟುವವನು, ಸಿಕ್ಕ ಗಿಟಾರ್‌ಗಳೆಲ್ಲ ಬಲಗೈಯವರದ್ದು. ಎಡಗೈಯಲ್ಲಿ ನುಡಿಸೋದು ತಪ್ಪು ಅನ್ನೋದು ಅಪ್ಪನ ನಂಬಿಕೆ. ತಮ್ಮ ಲಿಯಾನ್ ನೆನಪಿಸಿಕೊಳ್ಳುವ ಹಾಗೆ, ಅಪ್ಪ ಕೋಣೆಗೆ ಬಂದರೆ ಜಿಮಿ ಗಿಟಾರ್ ಮಗುಚಿ ಬಲಗೈಯಲ್ಲಿ ನುಡಿಸುತ್ತಿದ್ದ, ಹೋದ ಮೇಲೆ ಮತ್ತೆ ಎಡಗೈ! ನಾನು ಇದನ್ನು ಓದಿದಾಗ ಸ್ವಲ್ಪ ನಾಚಿಕೆಯಾಯ್ತು.

ಕೊನೆಗೆ ಅವನು ಕಂಡುಕೊಂಡ ದಾರಿ ಎಂಜಿನಿಯರ್ ಆದ ನನಗೆ ಬಹಳ ಇಷ್ಟ. ಬಲಗೈ ಗಿಟಾರನ್ನೇ ತಲೆಕೆಳಗು ಮಾಡಿ, ತಂತಿಗಳನ್ನು ಬಿಚ್ಚಿ, ದಪ್ಪ ತಂತಿ ಮತ್ತೆ ಮೇಲೆ ಬರುವ ಹಾಗೆ ಕಟ್ಟಿಕೊಂಡ. ಅವನು ಮುಂದೆ ನುಡಿಸಿದ ಸ್ಟ್ರಾಟೋಕ್ಯಾಸ್ಟರ್ ಗಿಟಾರ್‌ನಲ್ಲಿ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗಳಲ್ಲಿ ಒಂದು ಓರೆಯಾಗಿರುತ್ತದೆ. ಗಿಟಾರ್ ಮಗುಚಿದರೆ ಆ ಓರೆಯೂ ತಿರುಗುಮುರುಗು. ಹಾಗಾಗಿ ದಪ್ಪ ತಂತಿಗಳ ದನಿ ಸ್ವಲ್ಪ ಚುರುಕಾಗಿ, ಸಣ್ಣ ತಂತಿಗಳದ್ದು ಸ್ವಲ್ಪ ಮೆತ್ತಗಾಗಿ ಬರುತ್ತದೆ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. ಸಿಯಾಟಲ್‌ನ ಒಂದು ಯಹೂದಿ ಮಂದಿರದ ನೆಲಮಾಳಿಗೆಯಲ್ಲಿ ಮೊದಲ ಬಾರಿ ಬ್ಯಾಂಡ್ ಜೊತೆ ನುಡಿಸಿದ. ಅತಿಯಾಗಿ ಮೆರೆದ ಅಂತ ಅರ್ಧದಲ್ಲೇ ಕೈಬಿಟ್ಟರು. ಕದ್ದ ಕಾರುಗಳಲ್ಲಿ ಎರಡು ಸಲ ಸಿಕ್ಕಿಬಿದ್ದು, ಜೈಲು ಬೇಡ ಅಂತ 1961ರಲ್ಲಿ ಸೈನ್ಯ ಸೇರಿದ. ಮರುವರ್ಷ ಹೊರಬಂದು, ಲಿಟಲ್ ರಿಚರ್ಡ್‌ನಂಥ ದೊಡ್ಡ ಗಾಯಕರ ಹಿಂದೆ ನಿಂತು ಊರೂರು ಸುತ್ತಿದ. 1966ರ ಸೆಪ್ಟೆಂಬರ್‌ನಲ್ಲಿ ಚಾಸ್ ಚಾಂಡ್ಲರ್ ಅವನನ್ನು ಲಂಡನ್‌ಗೆ ಕರೆದೊಯ್ದರು. ಒಂದೇ ವರ್ಷದಲ್ಲಿ ಜಗತ್ತಿಗೆಲ್ಲ ಗೊತ್ತಾದ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ವೇದಿಕೆ ಮೇಲೆ ಗಿಟಾರ್‌ಗೇ ಬೆಂಕಿ ಹಚ್ಚಿದ. (ಪುಟಾಣಿಗಳೇ, ಇದನ್ನು ಮನೇಲಿ ಮಾಡಬೇಡಿ. ಗಿಟಾರ್ ಬೆಲೆ ಅಪ್ಪ ಅಮ್ಮನನ್ನು ಕೇಳಿ.)

ಆದರೆ ಬೆಂಕಿಗಿಂತ ನನಗೆ ಮುಖ್ಯ ಅನ್ನಿಸೋದು ಅದೇ ವರ್ಷ ಅವನು ಲಂಡನ್‌ನಲ್ಲಿ ರೆಕಾರ್ಡ್ ಮಾಡಿದ 'ಲಿಟಲ್ ವಿಂಗ್'. ಇಡೀ ಹಾಡು ಎರಡೂವರೆ ನಿಮಿಷಕ್ಕಿಂತ ಕಡಿಮೆ. ನೀವು ಕಲಿಯೋಕೆ ಕೂತರೆ ಮೊದಲ ದಿನವೇ ಒಂದು ತೊಂದರೆ: ರೆಕಾರ್ಡ್ ಜೊತೆ ನುಡಿಸಿದರೆ ಎಲ್ಲಾ ಅಪಶ್ರುತಿ! ಜಿಮಿ ತನ್ನ ತಂತಿಗಳನ್ನೆಲ್ಲ ಅರ್ಧ ಸ್ವರ ಕೆಳಗೆ ಇಳಿಸಿಕೊಂಡಿದ್ದ. ನೀವೂ ಶ್ರುತಿ ಇಳಿಸಿದರೆ ಸರಿಹೋಗುತ್ತೆ. ಇನ್ನೊಂದು ತೊಂದರೆ ಹೆಬ್ಬೆರಳಿನದ್ದು. ಸಾಮಾನ್ಯವಾಗಿ ಹೆಬ್ಬೆರಳು ಗಿಟಾರ್ ಕತ್ತಿನ ಹಿಂದೆ ಇರಬೇಕು ಅಂತ ಹೇಳಿಕೊಡ್ತಾರೆ. ಜಿಮಿಯ ಕೈ ದೊಡ್ಡದು. ಅವನು ಹೆಬ್ಬೆರಳನ್ನು ಮೇಲಿಂದ ತಂದು ದಪ್ಪ ತಂತಿಯನ್ನು ಅದರಲ್ಲೇ ಒತ್ತುತ್ತಿದ್ದ. ಆಗ ಮಿಕ್ಕ ನಾಲ್ಕು ಬೆರಳು ಖಾಲಿ. ಅವುಗಳಿಂದ ಕಾರ್ಡ್ ಹಿಡಿದುಕೊಂಡೇ ನಡುನಡುವೆ ಪುಟ್ಟ ರಾಗದ ತುಣುಕುಗಳನ್ನು ಹೆಣೆಯುತ್ತಿದ್ದ. ಒಬ್ಬನೇ ನುಡಿಸಿದರೂ ಇಬ್ಬರು ನುಡಿಸಿದ ಹಾಗೆ ಕೇಳುವುದು ಇದರಿಂದಲೇ. ನಮ್ಮನೆಯವಳ ಹೆಬ್ಬೆರಳು ಇನ್ನೂ ಅಲ್ಲಿಗೆ ಎಟುಕಲ್ಲ, ಸದ್ಯಕ್ಕೆ ಆ ಸ್ವರ ಬಿಟ್ಟು ನುಡಿಸ್ತಾಳೆ.

1968ರ ಫೆಬ್ರವರಿಯಲ್ಲಿ, ಹೆಚ್ಚುಕಡಿಮೆ ಏಳು ವರ್ಷದ ನಂತರ, ಜಿಮಿ ಸಿಯಾಟಲ್‌ನಲ್ಲಿ ಕಾರ್ಯಕ್ರಮ ಕೊಡಲು ಬಂದ. ಮರುದಿನ ಬೆಳಿಗ್ಗೆ ತಾನು ಓದು ಮುಗಿಸದೆ ಬಿಟ್ಟಿದ್ದ ಗಾರ್‌ಫೀಲ್ಡ್ ಹೈಸ್ಕೂಲಿಗೆ ಹೋದ. ಗಿಟಾರ್ ಇರಲಿಲ್ಲ. ಮಕ್ಕಳೆದುರು ಏನು ಮಾತಾಡಬೇಕೋ ತೋಚದೆ, ನಾಲ್ಕು ಮಾತಾಡಿ ತಡವರಿಸಿ ಹೊರಟುಹೋದ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್ ಮುಂದೆ ಮಾತು ಮರೆತವರೇ, ಕೇಳಿಸ್ತಾ?

1969ರ ಆಗಸ್ಟ್ 18ರ ಬೆಳಿಗ್ಗೆ ವುಡ್‌ಸ್ಟಾಕ್‌ನಲ್ಲಿ ಅವನು ಅಮೆರಿಕದ ರಾಷ್ಟ್ರಗೀತೆ ನುಡಿಸಿದ ಬಿಳಿ ಗಿಟಾರ್, ಸ್ಪೇಸ್ ನೀಡಲ್ ಪಕ್ಕದ ಮ್ಯೂಸಿಯಂ ಆಫ್ ಪಾಪ್ ಕಲ್ಚರ್‌ನ ಸಂಗ್ರಹದಲ್ಲಿದೆ. ಅದೂ ಬಲಗೈಯವರದ್ದೇ, ಮಗುಚಿದ್ದು.

ಒಂದು ವಿಷಯ ಮಾತ್ರ ನಿಮ್ಮಿಂದ ಮುಚ್ಚಿಡಲ್ಲ. ಮಾದಕ ವಸ್ತುಗಳು ಅವನ ಬದುಕನ್ನು ಹಾಳು ಮಾಡಿದವು. 1970ರ ಸೆಪ್ಟೆಂಬರ್ 18ರಂದು ಲಂಡನ್‌ನಲ್ಲಿ, ನಿದ್ದೆ ಮಾತ್ರೆಗಳನ್ನು ಮಿತಿಮೀರಿ ತಗೊಂಡು ಸತ್ತ. 27 ವರ್ಷ ಅಷ್ಟೇ. ಗಾರ್‌ಫೀಲ್ಡ್‌ಗೆ ಬಂದು ಹೋಗಿ ಮೂರು ವರ್ಷವೂ ಆಗಿರಲಿಲ್ಲ.

ಅವನ ಸಮಾಧಿ ನಮ್ಮ ರೆಂಟನ್‌ನ ಗ್ರೀನ್‌ವುಡ್ ಮೆಮೋರಿಯಲ್ ಪಾರ್ಕ್‌ನಲ್ಲಿದೆ. ನಿಮ್ಮಲ್ಲಿ ಕೆಲವರು ಕಾರಿನಲ್ಲಿ ಅದರ ಮುಂದೆಯೇ ಹೋಗ್ತಿರಬಹುದು. ಹಳೇ ಗಿಟಾರ್‌ನ ತಂತಿ ಬದಲಾಯಿಸಿ ಮಗಳಿಗೆ ಎಡಗೈಗೆ ಕಟ್ಟಿಕೊಟ್ಟ ವಾರ ನಾವಿಬ್ಬರೂ ಹೋಗಿದ್ವಿ. ಕಲ್ಲಿನ ಮೇಲೆ ಒಂದು ಗಿಟಾರ್ ಕೆತ್ತಿದ್ದಾರೆ. ಮಗಳು ತಲೆ ಓರೆ ಮಾಡಿಕೊಂಡು ತುಂಬಾ ಹೊತ್ತು ನೋಡಿ, ಅಪ್ಪಾ ಇದು ತಪ್ಪಾಗಿದೆ ಅಂದಳು. ಹೌದು, ಅವರು ಕೆತ್ತಿರೋದು ಬಲಗೈಯವರು ಹಿಡಿಯುವ ಗಿಟಾರ್.